ಗುಂಟೆಗೆ ಬೆಲೆ ಬಂತು, ಮನೆಗೆ?

ಕಾರವಾರದ ಕಡೆಯ ಕರಾವಳಿ ಹೆದ್ದಾರಿ ಚತುಷ್ಪಥವಾದ ಮೇಲೆ ನಿಮ್ಮೂರ ಮನೆಗಳಿಗೆ ಬಂಗಾರದ ಬೆಲೆ ಬಂದಿರಬೇಕಲ್ಲ ಎಂದು ಮುಂಬೈಯ ಗೆಳೆಯರು ಕೇಳುತ್ತಾರೆ. ಅದು ಈ ಮಹಾನಗರದ ಲೆಕ್ಕ. ಮೆಟ್ರೊ ಬರುವ ಸುದ್ದಿಗೇ ಇಲ್ಲಿ ಫ್ಲ್ಯಾಟಿನ ದರ ಏರುತ್ತದೆ. 2002ರಲ್ಲಿ ತೆರೆದ ಜೆ.ಜೆ. ಮೇಲ್ಸೇತುವೆ ಮಹಮ್ಮದ್ ಅಲಿ ರಸ್ತೆಯ ಮನೆಗಳ ಕಿಟಕಿಗೆ ಒತ್ತಿಕೊಂಡೇ ಸಾಗಿದೆ. ಆ ಕಿಟಕಿಗಳ ಒಳಗಿರುವವರ ಮಾತು ಮಾತ್ರ ಯಾವ ದಲ್ಲಾಳಿಯ ಬಾಯಲ್ಲೂ ಬರುವುದಿಲ್ಲ.

ಕಾರವಾರದಿಂದ ಭಟ್ಕಳದವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಏರಿದ್ದು ಗುಂಟೆಯ ಬೆಲೆ, ಮನೆಯದಲ್ಲ. ಕೊಳ್ಳಲು ಬರುವವನಿಗೆ ಹೋಟೆಲಿಗೋ ಪೆಟ್ರೋಲ್ ಬಂಕಿಗೋ ರಸ್ತೆಮುಖದ ಜಾಗ ಬೇಕು. ಅಲ್ಲಿರುವ ಹೆಂಚಿನ ಮನೆಯನ್ನು ಕೆಡವುವ ಖರ್ಚನ್ನೂ ಅವನು ಬೆಲೆಯಲ್ಲಿ ಮುರಿದುಕೊಳ್ಳುತ್ತಾನೆ. ಹಾಗಾಗಿ ಲಾಭವೇನಿದ್ದರೂ ಮಾರಿ ಹೊರಡುವವರಿಗೆ. ಉಳಿದವರ ಅಂಗಳ ಅರ್ಧವಾಗಿದೆ, ಬಾವಿ ರಸ್ತೆಯ ಪಾಲಾಗಿದೆ, ಎತ್ತರಿಸಿದ ರಸ್ತೆಯ ನೀರು ಮಳೆಗಾಲದಲ್ಲಿ ಜಗುಲಿಯತ್ತ ಇಳಿಯುತ್ತದೆ. ಎದುರಿಗೇ ಕಾಣುವ ಗದ್ದೆಗೆ ಹೋಗಲು ಡಿವೈಡರ್ ತೆರೆದಿರುವಲ್ಲಿಯವರೆಗೆ ಸುತ್ತಬೇಕು. ಹೆದ್ದಾರಿ ಎಷ್ಟು ಹತ್ತಿರ ಎಂಬುದಕ್ಕಿಂತ ಸರ್ವಿಸ್ ರಸ್ತೆ ಮತ್ತು ಅಂಡರ್‌ಪಾಸ್ ಎಲ್ಲಿ ಎಂಬುದೇ ವಾಸದ ಮನೆಯ ಬೆಲೆಯನ್ನು ತೀರ್ಮಾನಿಸುತ್ತದೆ ಎಂದು ನನಗನಿಸುತ್ತದೆ. ನಮ್ಮವರ ಜಗಳವೆಲ್ಲ ಪರಿಹಾರದ ಮೊತ್ತದ ಮೇಲೆ. ನಕ್ಷೆಯನ್ನು ಬಿಡಿಸಿ ನೋಡಿದವರು ಕಡಿಮೆ.

ಆ ಮೊತ್ತಕ್ಕೂ ನಾವೇ ಕಲ್ಲು ಹಾಕಿಕೊಳ್ಳುತ್ತೇವೆ. 2013ರ ಭೂಸ್ವಾಧೀನ ಕಾಯ್ದೆಯು ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆ ಬರೆದಿರುವ ಅರ್ಧದಷ್ಟು ಪತ್ರಗಳನ್ನು ಮಾತ್ರ ತೆಗೆದುಕೊಂಡು ಅವುಗಳ ಬೆಲೆಯ ಸರಾಸರಿ ಕಟ್ಟುತ್ತದೆ. ಆ ಸರಾಸರಿ, ಸರ್ಕಾರದ ಮಾರ್ಗಸೂಚಿ ಬೆಲೆ, ಇವೆರಡರಲ್ಲಿ ಹೆಚ್ಚಿನದೇ ಪರಿಹಾರಕ್ಕೆ ಆಧಾರ, ಮೇಲೆ ಶೇ. 100ರಷ್ಟು ಸೊಲೇಷಿಯಂ, ಅಂದರೆ ಬಲವಂತವಾಗಿ ಜಾಗ ಬಿಡಿಸಿದ್ದಕ್ಕೆ ಕೊಡುವ ಹೆಚ್ಚುವರಿ ಹಣ. ಮುದ್ರಾಂಕ ಶುಲ್ಕ ಉಳಿಸಲು ಪತ್ರದಲ್ಲಿ ಅರೆಬೆಲೆ ಬರೆಸುವ ಊರಿಗೆ ಇಮ್ಮಡಿ ಕೊಟ್ಟರೂ ಎಷ್ಟು ಬಂದೀತು? ಮುಂಬೈಯವರು ನಮಗಿಂತ ಸತ್ಯವಂತರೇನಲ್ಲ. ಸಂಬಳದವನು ಬ್ಯಾಂಕ್ ಸಾಲದಲ್ಲಿ ಕೊಳ್ಳುತ್ತಾನೆ, ಬರೆದ ಬೆಲೆಯ ಮೇಲೆಯೇ ಸಾಲ ಸಿಗುತ್ತದೆ, ಆದ್ದರಿಂದ ಅಡಗಿಸಲು ಎಡೆಯಿಲ್ಲ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಗಂಗಾವಳಿ ನದಿಗೆ ಕುಸಿದಾಗ, ಉಕ್ಕಿದ ನೀರಿಗೆ ಆಚೆ ದಡದ ಉಳುವರೆಯ ಮನೆಗಳು ಬಿದ್ದವು. ನಡುವೆ ನದಿಯೇ ಇತ್ತು. ಈಗ ಊರಿನಲ್ಲಿ ಮನೆ ಹುಡುಕುವವರು ಫೋನ್ ಮಾಡಿದರೆ ಗುಂಟೆಯ ದರ ಕೇಳುವ ಮೊದಲು ಸುತ್ತಲಿನ ಗುಡ್ಡವನ್ನು ನೋಡಿ ಬನ್ನಿ ಎನ್ನುತ್ತೇನೆ. ನೆಟ್ಟಗೆ ಕಡಿದಿದ್ದರೆ ಎಷ್ಟೇ ಅಗ್ಗವಾದರೂ ಬೇಡ.