ಎಷ್ಟು ಇಳಿಸಿದೆ? ಎಷ್ಟು ಉಳಿಸಿದೆ?

ಇವತ್ತು ಬೆಳಿಗ್ಗೆ ಬೇಸ್‌ಮೆಂಟ್ ಕಡೆಯಿಂದ ಕರ್ರ್ ಅಂತ ಒಂದು ಸದ್ದು ಬಂತು, ಹಲ್ಲು ಜುಮ್ಮೆನ್ನಿಸೋ ಸದ್ದು. ಹೋಗಿ ನೋಡಿದರೆ ಮೇಲ್ಮನೆ ಹುಡುಗ. ಕಾರು ರ‍್ಯಾಂಪಿನ ತುದಿಯಲ್ಲಿ ಹೊಟ್ಟೆ ಊರಿಕೊಂಡು ನಿಂತಿದೆ. ಬಂಪರಿನ ಕೆಳತುಟಿ ಅರ್ಧ ಕಿತ್ತು ಜೋತಾಡ್ತಿದೆ. ಇವನ ಮುಖದಲ್ಲಿ ಮಾತ್ರ ಮದುವೆ ಮನೆ ಕಳೆ.

"ಅಂಕಲ್, ಹೊಸ ಕೋಯ್ಲೋವರ್! 60 ಎಂಎಂ ಇಳಿಸಿದ್ದೀನಿ!" ಕೋಯ್ಲೋವರ್ ಅಂದ್ರೆ ಸ್ಪ್ರಿಂಗು, ಡ್ಯಾಂಪರ್ (ಅದೇ ಶಾಕ್ ಅಬ್ಸಾರ್ಬರ್) ಎರಡೂ ಸೇರಿದ, ಎತ್ತರ ಏರಿಸಿ ಇಳಿಸಬಹುದಾದ ಜೋಡಿ.

"ಉಳಿಸಿದ್ದು ಎಷ್ಟಪ್ಪ?" ಅಂದೆ.

"ಏನನ್ನ ಉಳಿಸೋದು?"

ಅಲ್ಲಿಗೆ ನನ್ನ ಭಾನುವಾರ ಮುಗೀತು.

ನನ್ನ ಬಲ್ಲವರಿಗೆ ಗೊತ್ತು, ನಾನು ಕಾರು ಇಳಿಸೋದರ ವಿರೋಧಿ ಅಲ್ಲ. ನನ್ನದೇ ಕಾರು 20 ಎಂಎಂ ಕೆಳಗಿದೆ. ನಿಲ್ಲಿಸಿ ಹೋದಮೇಲೆ ತಿರುಗಿ ತಿರುಗಿ ನೋಡೋ ಚಾಳಿ ಈ ವಯಸ್ಸಲ್ಲೂ ಹೋಗಿಲ್ಲ. ನನ್ನ ತಕರಾರು ಒಂದೇ. ಎಲ್ಲರೂ ಇಳಿಸಿದ್ದರ ಲೆಕ್ಕ ಹೇಳ್ತಾರೆ, ಉಳಿದದ್ದರ ಲೆಕ್ಕ ಒಬ್ಬರೂ ಇಟ್ಟಿರಲ್ಲ.

ಉಳಿದದ್ದು ಅಂದ್ರೆ ಟ್ರಾವೆಲ್. ಕಾರು ಸಮತಟ್ಟು ನೆಲದ ಮೇಲೆ ನಿಂತಿದ್ದಾಗ, ಚಕ್ರ ಇನ್ನೆಷ್ಟು ಮೇಲಕ್ಕೆ ಹೋದರೆ ಬಂಪ್ ಸ್ಟಾಪ್ (ಚಕ್ರದ ಓಟದ ಕೊನೆಯಲ್ಲಿರೋ ರಬ್ಬರ್ ತಡೆ) ತಗಲುತ್ತೆ ಅನ್ನೋ ದೂರ. ಕಂಪನಿ ಕೊಟ್ಟಾಗ ಅದು 80 ಎಂಎಂ ಇತ್ತು ಅಂತಿಟ್ಕೊಳ್ಳಿ. ಅದೇ ಉದ್ದದ ಡ್ಯಾಂಪರ್ ಇಟ್ಟು ಸ್ಪ್ರಿಂಗ್ ಮಾತ್ರ ಬದಲಾಯಿಸಿ 40 ಇಳಿಸಿದ್ರಿ, ಉಳಿದದ್ದು 40. ರಸ್ತೆಗೆ ಈ ವಿಷಯ ಯಾರೂ ಹೇಳಿರಲ್ಲ, ಅದೇ ಗುಂಡಿ, ಅದೇ ಹಂಪು, ಅದೇ ಹೊಡೆತ. ಸ್ಪ್ರಿಂಗ್ ಎಷ್ಟು ಹೊಡೆತ ನುಂಗುತ್ತೆ ಅನ್ನೋದು ಅದು ಕುಗ್ಗೋ ದೂರದ ವರ್ಗದ ಮೇಲೆ ನಿಂತಿದೆ. ದೂರ ಅರ್ಧವಾದರೆ, ಅಷ್ಟೇ ಹೊಡೆತ ನುಂಗೋಕೆ ಸ್ಪ್ರಿಂಗ್ 4 ಪಟ್ಟು ಗಟ್ಟಿ ಇರಬೇಕು. ಎರಡು ಪಟ್ಟಲ್ಲ ಸ್ವಾಮಿ, ನಾಲ್ಕು. ನೀವು ತಂದು ಹಾಕಿಸೋ ಲೋವರಿಂಗ್ ಸ್ಪ್ರಿಂಗ್ ಕಂಪನಿಯದ್ದಕ್ಕಿಂತ ಹೆಚ್ಚೂಕಮ್ಮಿ ಕಾಲುಭಾಗ ಜಾಸ್ತಿ ಗಟ್ಟಿ ಇದ್ದರೆ ಅದೇ ಪುಣ್ಯ. ಮಿಕ್ಕಿದ್ದನ್ನು ಯಾರು ನುಂಗಬೇಕು? ಬಂಪ್ ಸ್ಟಾಪು, ಸ್ಟ್ರಟ್ ಮೌಂಟು (ಸ್ಪ್ರಿಂಗು ಡ್ಯಾಂಪರ್ ಸೇರಿದ ಸ್ಟ್ರಟ್ ಅನ್ನೋ ಕಂಬ ಕಾರಿನ ಬಾಡಿಯಲ್ಲಿ ಕೂರೋ ಜಾಗ), ಆಮೇಲೆ ನಿಮ್ಮ ಸೊಂಟ.

ಅದಕ್ಕೇ "ಮೆತ್ತಗಿರೋ ಸ್ಪ್ರಿಂಗ್ ಹಾಕಿಸಿದ್ದೀನಿ, ಆದ್ರೂ ಕುಟ್ಟುತ್ತೆ" ಅಂತ ಗೋಳಾಡೋದು. ಕುಟ್ಟುತ್ತಿರೋದು ಸ್ಪ್ರಿಂಗ್ ಅಲ್ಲ. ಕಾರು ಬಂಪ್ ಸ್ಟಾಪ್ ಮೇಲೆ ಕೂತು ಓಡ್ತಿದೆ.

ಹಾಗಾದ್ರೆ 4 ಪಟ್ಟು ಗಟ್ಟಿ ಸ್ಪ್ರಿಂಗೇ ಹಾಕೋಣ ಅಂತೀರಾ? ಮೇಲ್ಮನೆ ಹುಡುಗ ಹೆಚ್ಚುಕಡಿಮೆ ಅದನ್ನೇ ಮಾಡಿರೋದು. ಮುಂದೆ 8 ಕೇಜಿ ಸ್ಪ್ರಿಂಗ್, ಅಂದ್ರೆ ಒಂದು ಎಂಎಂ ಕುಗ್ಗಿಸೋಕೆ 8 ಕೇಜಿ ಭಾರ ಬೇಕು, ಸುಮಾರು 78 ನ್ಯೂಟನ್. ಮುಂದಿನ ಒಂದು ಮೂಲೆಯ ಸ್ಪ್ರಿಂಗ್ ಹೊರೋದು 300 ಕೇಜಿ ಅಂದ್ಕೊಂಡರೆ ಕಾರು ಸೆಕೆಂಡಿಗೆ ಸುಮಾರು 2.6 ಸಲ ಕುಣಿಯುತ್ತೆ, ಅಂದ್ರೆ 2.6 ಹರ್ಟ್ಜ್. ಮನೆಮಂದಿ ಕೂರೋ ಕಾರಿಗೆ 1ರಿಂದ 1.5 ಹರ್ಟ್ಜ್ ಹಿತ. 2ರ ಹತ್ತಿರ ಹೋದರೆ ಡ್ರೈವ್ ಮಾಡೋನಿಗೆ ಖುಷಿ, ಪಕ್ಕ ಕೂತವರಿಗೆ ಶಿಕ್ಷೆ. ಅದಕ್ಕೂ ಮೇಲೆ ಅಂದ್ರೆ ರೇಸ್ ಟ್ರ್ಯಾಕಿನ ಮಾತು. ಇವನು ಅದರಲ್ಲಿ ಆಫೀಸಿಗೆ ಹೋಗ್ತಾನೆ.

"ಹಿಂದೆ 6 ಕೇಜಿ ಯಾಕೋ?" ಅಂದೆ. "ವಿಡಿಯೋದಲ್ಲಿ ಹಾಗೇ ಹೇಳಿದ್ರು." ವಿಡಿಯೋದವನ ಕಾರಿನ ಹಿಂದಿನ ಸಸ್ಪೆನ್ಶನ್ ಬೇರೆ, ಇವನದ್ದು ಬೇರೆ. ಡಬ್ಬಿ ಮೇಲೆ ಬರೆದಿರೋ ನಂಬರ್ ಚಕ್ರಕ್ಕೆ ಹಾಗೇ ಸಿಗಲ್ಲ. ಚಕ್ರ 10 ಎಂಎಂ ಏರಿದಾಗ ಸ್ಪ್ರಿಂಗ್ 7 ಎಂಎಂ ಮಾತ್ರ ಕುಗ್ಗೋ ಜಾಗದಲ್ಲಿದ್ದರೆ, ಚಕ್ರಕ್ಕೆ ಸಿಗೋದು 0.7ರ ವರ್ಗ, ಅಂದ್ರೆ ಅರ್ಧಕ್ಕರ್ಧ. ಮುಂದಿನ ಸ್ಟ್ರಟ್‌ನಲ್ಲಿ ಸ್ಪ್ರಿಂಗು ಚಕ್ರ ಎರಡೂ ಹೆಚ್ಚುಕಡಿಮೆ ಒಂದೇ ದೂರ ಓಡೋದರಿಂದ ಈ ಸೋರಿಕೆ ಕಡಿಮೆ. ಹಾಗಾಗಿ ಮುಂದಿನ 8ನ್ನೂ ಹಿಂದಿನ 6ನ್ನೂ ಒಂದೇ ತಕ್ಕಡಿಗೆ ಹಾಕೋದೇ ತಪ್ಪು.

ಹಿಂದಿನದು ಕುಣಿಯೋ ವೇಗ ಮುಂದಿನದಕ್ಕಿಂತ ಒಂಚೂರು ಜಾಸ್ತಿ ಇರಬೇಕು. ಇದು ಇವತ್ತಿನ ಮಾತಲ್ಲ. 1930ರ ದಶಕದಲ್ಲೇ ಜನರಲ್ ಮೋಟರ್ಸ್‌ನಲ್ಲಿದ್ದ ಮಾರಿಸ್ ಓಲಿ ಅನ್ನೋ ಇಂಜಿನಿಯರ್, ಕಾರಿನ ಮುಂದೆ ಹಿಂದೆ ತೂಕ ಸರಿಸಿ ಸರಿಸಿ ಓಡಿಸಿ ಕಂಡ್ಕೊಂಡಿದ್ದ. ಹಂಪಿಗೆ ಮುಂದಿನ ಚಕ್ರ ಮೊದಲು ಸಿಗುತ್ತೆ, ಹಿಂದಿನದು ತಡವಾಗಿ. ಹಿಂದಿನದು ಸ್ವಲ್ಪ ಬೇಗ ಕುಣಿದರೆ ಮುಂದಿನದನ್ನು ಹಿಡಿದುಬಿಡುತ್ತೆ, ಕಾರು ತೊಟ್ಟಿಲಾಡೋದು ನಿಲ್ಲುತ್ತೆ. ನಮ್ಮ ಹುಡುಗನ ಕಾರು ತೊಟ್ಟಿಲಾಡ್ತಿದೆ, ಒಳಗೆ ಮಲಗೋಕೆ ಮಾತ್ರ ಆಗಲ್ಲ.

ಈಗ ಕಾಮೆಂಟಲ್ಲಿ ಯಾರಾದ್ರೂ ಬಂದೇ ಬರ್ತಾರೆ: "ಸಾರ್, ಇಳಿಸಿದ್ರೆ ಸೆಂಟರ್ ಆಫ್ ಗ್ರ್ಯಾವಿಟಿ ಕೆಳಗೆ ಬರುತ್ತೆ, ಹ್ಯಾಂಡ್ಲಿಂಗ್ ಸುಧಾರಿಸುತ್ತೆ." ಬರುತ್ತೆ, ಒಪ್ಪಿದೆ. 550 ಎಂಎಂ ಎತ್ತರದಲ್ಲಿರೋದು 30 ಎಂಎಂ ಇಳಿದರೆ ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ಜಾರೋ ಭಾರ 5 ಪರ್ಸೆಂಟ್ ಚಿಲ್ಲರೆ ಕಡಿಮೆಯಾಗುತ್ತೆ. ಒಳ್ಳೆ ಟೈರ್ ಹಾಕಿದ್ರೆ ಅದಕ್ಕಿಂತ ಹೆಚ್ಚು ಸಿಗುತ್ತೆ. ಸ್ಟ್ರಟ್ ಕಾರಲ್ಲಿ ಇನ್ನೊಂದು ತಮಾಷೆ ಇದೆ. ವಿಪರೀತ ಇಳಿಸಿದರೆ ಕೆಳಗಿನ ಆರ್ಮ್ ಚಕ್ರದ ಕಡೆ ಮೇಲೆದ್ದು ನಿಲ್ಲುತ್ತೆ, ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವುದರ ಸುತ್ತ ವಾಲುತ್ತೋ ಆ ಬಿಂದು) ಕಾರಿಗಿಂತ ಬೇಗ ಪಾತಾಳಕ್ಕೆ ಇಳಿಯುತ್ತೆ, ಕಾರಿನ ಮೈಗೆ ವಾಲೋಕೆ ಇನ್ನೂ ಉದ್ದದ ಸನ್ನೆಗೋಲು ಸಿಕ್ಕಂಗಾಗುತ್ತೆ. ಗುಂಡಿ ಸಿಕ್ಕಾಗೆಲ್ಲ ಸ್ಟೀರಿಂಗ್ ತಾನೇ ಒಂದು ಕಡೆ ಎಳೆಯೋದು ಬೇರೆ. ಚೆಂದಕ್ಕೆ ಇಳಿಸಿದೆ ಅಂತ ಹೇಳಿ, ಕೈ ಮುಗೀತೀನಿ. ಭೌತಶಾಸ್ತ್ರವನ್ನು ಸಾಕ್ಷಿಗೆ ಕರೀಬೇಡಿ.

ಇಷ್ಟೆಲ್ಲ ಹಾರಾಡೋ ನಾನೇನು ಸಾಚಾ ಅಲ್ಲ. ಇಪ್ಪತ್ಮೂರನೇ ವಯಸ್ಸಲ್ಲಿ ಗ್ರೈಂಡರ್ ಹಿಡಿದು ಸ್ಪ್ರಿಂಗಿನ 7 ಸುತ್ತಲ್ಲಿ 2 ಸುತ್ತು ಕತ್ತರಿಸಿ ಬಿಸಾಕಿದವನು. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಗಟ್ಟಿಯಾಗುತ್ತೆ ಅಂತಾನೂ ಗೊತ್ತಿರಲಿಲ್ಲ (7ನ್ನು 5ರಿಂದ ಭಾಗಿಸಿ, 40 ಪರ್ಸೆಂಟ್ ಗಟ್ಟಿ). ಡ್ಯಾಂಪರ್ ಹಳೇದೇ, ಕುಣಿಯೋಕೆ ಶುರುವಾದರೆ ನಿಲ್ಲಿಸೋರೇ ಇಲ್ಲ. ಜ್ಯಾಕ್ ಹಾಕಿ ಎತ್ತಿದ ದಿನ ಸ್ಪ್ರಿಂಗ್ ತನ್ನ ತಟ್ಟೆ ಬಿಟ್ಟು ಗಿಲಕಿ ಥರ ಅಲ್ಲಾಡ್ತಿತ್ತು. ಅಮ್ಮ ಒಂದೇ ಸಲ ಹಿಂದಿನ ಸೀಟಲ್ಲಿ ಕೂತಿದ್ದು. ಏನೂ ಅನ್ನಲಿಲ್ಲ. ವಾಪಸ್ ಬರುವಾಗ "ನೀ ಹೋಗಪ್ಪ, ನಾ ಬಸ್ಸಲ್ಲಿ ಬರ್ತೀನಿ" ಅಂದರು. ಇವತ್ತಿಗೂ ಆ ಮಾತು ನೆನಪಾದರೆ ಕಿವಿ ಬಿಸಿಯಾಗುತ್ತೆ.

ಹಾಗಾಗಿ ಹುಡುಗನಿಗೆ ಬೈದದ್ದು ಅರ್ಧ ಅವನಿಗೆ, ಅರ್ಧ ನನಗೆ. ಹೇಳಿದ್ದಿಷ್ಟೇ: ಮೊದಲು ಉಳಿಸೋದು ಎಷ್ಟು ಅಂತ ತೀರ್ಮಾನ ಮಾಡು. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು ಹಾಕಿ ನೋಡು, ಒಬ್ಬನೇ ಕೂತು ನೋಡಬೇಡ. ಡ್ಯಾಂಪರ್ ರಾಡಿಗೆ ಒಂದು ಜಿಪ್ ಟೈ ಕಟ್ಟಿ ಒಂದು ವಾರ ದಿನಾ ಓಡಾಡೋ ದಾರೀಲಿ ಓಡಿಸು, ಅದು ಎಲ್ಲೀವರೆಗೆ ಸರಿದಿದೆ ನೋಡು, ಎಷ್ಟು ಖರ್ಚಾಗ್ತಿದೆ ಅಂತ ಅದೇ ಹೇಳುತ್ತೆ. ಆಮೇಲೆ ಸ್ಪ್ರಿಂಗ್, ಅದಕ್ಕೆ ತಕ್ಕ ಡ್ಯಾಂಪರ್. ಎತ್ತರ ಕೊನೇಗೆ. ಅಳತೆ ಚಕ್ರದ ನಡುವಿನಿಂದ ವೀಲ್ ಆರ್ಚಿನ ಅಂಚಿಗೆ ತಗೋ, ನೆಲದಿಂದ ಬೇಡ. ಸಸ್ಪೆನ್ಶನ್ ಆರ್ಮಿನ ರಬ್ಬರ್ ಬುಷ್ ಬೋಲ್ಟುಗಳನ್ನು ಕಾರು ನೆಲದ ಮೇಲೆ ನಿಂತಾಗಲೇ ಬಿಗಿ ಮಾಡು. ಅಲೈನ್‌ಮೆಂಟ್, ಹೆಡ್‌ಲೈಟ್ ಮರೀಬೇಡ.

"ಅಂಕಲ್, ಸ್ಪ್ರಿಂಗ್ ತಟ್ಟೆ ಇನ್ನೂ ಬಿಗಿ ಮಾಡಿದ್ರೆ ಸ್ಪ್ರಿಂಗ್ ಗಟ್ಟಿ ಆಗಲ್ವಾ?" ಅಂದ.

ಆಗಲ್ಲ ಕಣೋ. ಕಾರು ಮೇಲೇಳುತ್ತೆ ಅಷ್ಟೇ. 8 ಕೇಜಿ 8 ಕೇಜಿಯೇ.

ಈಗ ಸಂಜೆ ಕೆಳಗೆ ಹೋಗಿ ಬಂದೆ. ಸ್ಪ್ಯಾನರ್ ಹಿಡಿದು ಮಲಗಿದ್ದಾನೆ, ಇಳಿಸಿದ್ದು 25 ಎಂಎಂ ಮಾತ್ರ ಇರೋ ಹಾಗೆ ಏರಿಸ್ತಾನಂತೆ. 6 ಕೇಜಿ ಸ್ಪ್ರಿಂಗನ್ನ ಮುಂದಕ್ಕೆ ಹಾಕೋಕೆ ಆಗುತ್ತಾ ಅಂತ ಕೇಳಿದ. ಕಿತ್ತ ಬಂಪರನ್ನು ಜಿಪ್ ಟೈ ಹಾಕಿ ಸಾಲಾಗಿ ಹೊಲಿದಿದ್ದಾನೆ. ಒಂದಾದರೂ ಮಿಕ್ಕಿದ್ದರೆ ಡ್ಯಾಂಪರ್ ರಾಡಿಗೆ ಕಟ್ಟು ಮಾರಾಯ ಅಂತ ಹೇಳಿ ಬಂದೆ.