ನಮ್ ಮಿಸೆಸ್ಸಿಗೆ ಗೊತ್ತಾಗಲ್ಲ ಸಾರ್

ಆ ಸೀಟಿ ಇನ್ನೂ ಕಿವೀಲಿ ಕುಯ್ಯಂತಿದೆ. ಬೆಳಗ್ಗೆ ಆರೂವರೆಗೆ ಪಾರ್ಕಲ್ಲಿ ಆಗಿದ್ದು, ಈಗ ರಾತ್ರಿ ಹನ್ನೊಂದು, ಎಲ್ಲಾದ್ರೂ ಕಕ್ಕದಿದ್ರೆ ನಿದ್ದೆ ಬರಲ್ಲ.

ಅರ್ಧ ಸೆಕೆಂಡ್ ಸ್ವಾಮಿ. ನಮ್ ಮಿಸೆಸ್ಸಿನ ರೈನ್‌ಕೋಟ್ ಜಿಪ್ಪು ಸರ್ರಂತ ಕೆಳಗೆ, ಸರ್ರಂತ ಮೇಲೆ. ಒಳಗೇನಿತ್ತು ಏನಿರ್ಲಿಲ್ಲ ಕೇಳ್ಬೇಡಿ, ಹೇಳಲ್ಲ. ಮಳೆ ಜಿನುಗ್ತಿತ್ತು, ಬಿದಿರು ಮೆಳೆ ಹಿಂದೆ ಒಂದು ನರಪಿಳ್ಳೆ ಇರ್ಲಿಲ್ಲ. ಮದುವೆಯಾಗಿ ಒಂಬತ್ತು ವರ್ಷ, ಅಷ್ಟೂ ವರ್ಷ "ಒಂದ್ಸಲ ಹೊರಗೆ ಹೋದಾಗ ಸುಮ್ನೆ ತಮಾಷೆಗೆ" ಅಂತ ಪೀಡಿಸ್ತಿದ್ದವನು ನಾನೇ, "ಥೂ ಹೋಗ್ರೀ" ಅಂತಿದ್ದವಳು ಅವಳು. ಇವತ್ತು ಏನನ್ನಿಸ್ತೋ, ಹುಬ್ಬು ಕುಣಿಸಿ "ರೀ, ಇಲ್ನೋಡಿ" ಅಂದ್ಲು. ಕೈಲಿದ್ದ ಕಾಫಿ ಕಪ್ಪು ವಾಲಿ ಶೂ ಮೇಲೆ ಸುರೀತು, ನಂಗೆ ಬಿಸೀನೂ ತಾಗ್ಲಿಲ್ಲ.

ಆಗ ಸೀಟಿ.

ಟೋಪಿಗೆ ಹಾಲಿನ ಕವರ್ ಹಾಕ್ಕೊಂಡಿದ್ದ ಗಾರ್ಡ್. ಅವ್ನು ಏನೂ ನೋಡಿಲ್ಲ! ಅವಳ ಬೆನ್ನು ಅವನ ಕಡೆಗಿತ್ತು. "ನಿಮ್ ಮುಖ ನೋಡ್ದೆ ಸಾರ್, ಏನೋ ನಡೀತಿದೆ ಅಂತ ಗೊತ್ತಾಯ್ತು" ಅಂತಾನೆ. ನನ್ನ ಮುಖವೇ ಸಾಕ್ಷಿ!

"ಯಾರು ಇವ್ರು?"
"ಮಿಸೆಸ್ಸು."
"ಪ್ರೂಫ್?"

ನಲವತ್ತೊಂದು ವರ್ಷದ, ಹೊಟ್ಟೆ ಬಂದ ಗಂಡಸು ಮಳೇಲಿ ನಿಂತು ಮೊಬೈಲಲ್ಲಿ ಮದುವೆ ಫೋಟೋ ಹುಡುಕೋ ದೃಶ್ಯ ಊಹಿಸ್ಕೊಳ್ಳಿ. ಒದ್ದೆ ಬೆರಳಿಗೆ ಸ್ಕ್ರೀನ್ ಓಡಲ್ಲ. ಮಗಳ ಸ್ಕೂಲ್ ಫೀ ರಸೀದಿ ಬಂತು, ಗ್ಯಾಸ್ ಬಿಲ್ಲು ಬಂತು, ಯಾರೋ ಕಳ್ಸಿದ ಶುಭೋದಯ ಬಂತು. ಅಷ್ಟರಲ್ಲಿ ವಾಕಿಂಗ್ ಬಂದ ನಮ್ಮ ಮೂರನೇ ಮಹಡಿ ಅಂಕಲ್ಲು "ಏನಾಯ್ತಪ್ಪಾ?" ಅಂತ ನಿಂತ್ರು. ಗಾರ್ಡ್ ಅವರ ಕಡೆ ತಿರುಗಿ, "ಫ್ಯಾಮಿಲಿ ಬರೋ ಜಾಗ ಅಲ್ವಾ ಸಾರ್ ಇದು" ಅಂದ. ಹಂಗಾದ್ರೆ ನಾವೇನು?

ಅದನ್ನೇ ಕೇಳ್ಬೇಕಿತ್ತು. ಕೇಳ್ಲಿಲ್ಲ. ಎರಡೂ ಕೈ ಮುಗಿದು ನಾನು ಹೇಳಿದ್ದು ಏನು ಗೊತ್ತಾ? "ನಮ್ ಮಿಸೆಸ್ಸಿಗೆ ಗೊತ್ತಾಗಲ್ಲ ಸಾರ್, ನಾನು ಹೇಳ್ತೀನಿ."

ಅವಳು ನನ್ನ ಕಡೆ ತಿರುಗಿ ನೋಡಿದ್ಲಲ್ಲ, ಆ ನೋಟದ ಮುಂದೆ ಸೀಟಿ ಏನೂ ಅಲ್ಲ.

ಮನೆಗೆ ಬಂದು ಕಾನೂನು ಓದಿದೆ, ದೊಡ್ಡ ಲಾಯರ್ ಥರ. ಎಲ್ಲರೂ ಓಡಾಡೋ ಜಾಗದಲ್ಲಿ ಅಶ್ಲೀಲವಾಗಿ ನಡ್ಕೊಂಡ್ರೆ ಹಳೇ ಐಪಿಸಿ 294, 2024ರ ಜುಲೈಯಿಂದ ನ್ಯಾಯ ಸಂಹಿತೆಯ 296. ಮೂರು ತಿಂಗಳವರೆಗೆ ಜೈಲು, 1000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಆದ್ರೆ ಬೇರೆಯವ್ರಿಗೆ ಕಿರಿಕಿರಿ ಆಗಿರ್ಬೇಕು ಅಂತಿದೆ. ಯಾರಿಗಾಯ್ತು, ಅಳಿಲಿಗಾ? ಅದೇ ಪಾರ್ಕಿನ ಕಾಂಪೌಂಡಿಗೆ ದೇವ್ರ ಟೈಲ್ಸ್ ಅಂಟಿಸಿದಾರೆ, ಎರಡು ಟೈಲ್ಸ್ ನಡುವೆ ಜಾಗ ನೋಡ್ಕೊಂಡು ದಿನಾ ನಿಲ್ತಾರಲ್ಲ ಮಹಾನುಭಾವ್ರು, ಅವ್ರಿಗೆ ಯಾವ ಸೀಟಿ? ಬೇಲೂರಲ್ಲಿ 1117ರ ದೇವಸ್ಥಾನ, ಮದನಿಕೆಯ ಸೀರೆ ಕೋತಿ ಎಳೀತಿರೋದನ್ನ ಗೈಡು ತೋರಿಸ್ದಾಗ ನಮ್ಮ ಮಾವನವ್ರೇ ಕತ್ತೆತ್ತಿ ಹತ್ತು ನಿಮಿಷ ನೋಡಿದ್ರು. ಕಲ್ಲಾದ್ರೆ ಕಲೆ, ನಮ್ಮೋಳಾದ್ರೆ ಪ್ರೂಫ್.

ಬಿಡಿ. ಬೇರೆ ಯಾರೋ ಹಂಗೆ ಮಾಡಿ, ಪಕ್ಕದಲ್ಲಿ ನನ್ನ ಮಗಳಿದ್ದಿದ್ರೆ ಗಾರ್ಡನ್ನ ಕೂಗ್ತಿದ್ದವನು ನಾನೇ. ಅದೂ ಗೊತ್ತು. ಆದ್ರೂ ಪ್ರೂಫ್ ಕೇಳೋಕೆ ಅವ್ನ್ಯಾರ್ರೀ? ಮದುವೆ ಸರ್ಟಿಫಿಕೇಟ್ ಇಟ್ಕೊಂಡು ವಾಕಿಂಗ್ ಹೋಗೋರು ಯಾರಾದ್ರೂ ಇದ್ದೀರಾ ಇಲ್ಲಿ? ಒಬ್ರಾದ್ರೂ ಹೇಳಿ.

ರೈನ್‌ಕೋಟು ಬಾಲ್ಕನೀಲಿ ನೇತಾಡ್ತಿದೆ, ಜಿಪ್ಪು ಗಂಟಲವರೆಗೆ ಹಾಕಿದೆ. ಊಟಕ್ಕೆ ಏನು ಮಾಡ್ಲಿ ಅಂತ ಸಂಜೆ ನಾನೇ ಹೋಗಿ ಕೇಳ್ದೆ. ಟಿವಿಯಿಂದ ಕಣ್ಣು ತೆಗೀಲಿಲ್ಲ. "ನಂಗೇನ್ ಗೊತ್ತಾಗತ್ತೆ ಸಾರ್" ಅಂದ್ಲು.