ಅಕ್ರಿಲಿಕ್ ದಾರವನ್ನ ಉಲ್ಲನ್ ಅಂತ ಮಾರೋರಿಗೆ

ಒಂದು ಜೊತೆ ಕಾಲುಚೀಲ ಹೆಣೆಯೋಕೆ ಬೇಕಾಗಿರೋದು ನೂರು ಗ್ರಾಂ ದಾರ. ಮುಕ್ಕಾಲು ಪಾಲು ಮೆರಿನೋ ಕುರಿಯ ಮೆತ್ತನೆ ಉಣ್ಣೆ, ಕಾಲು ಪಾಲು ನೈಲಾನ್, ನಾಲ್ಕು ಎಳೆ ಸೇರಿಸಿ ಹೊಸೆದದ್ದು, ಸುಮಾರು 400 ಮೀಟರ್ ಉದ್ದ. ನಮ್ಮ ಊರಿನ ದಾರದಂಗಡಿಗಳಲ್ಲಿ ಇದು ಸಿಗಲ್ಲ ಅನ್ನೋದು ಒಂದು ಸಿಟ್ಟು. ಸಿಗಲ್ಲ ಅಂತ ನೇರವಾಗಿ ಹೇಳದೆ, ಅಕ್ರಿಲಿಕ್ ಅನ್ನೋ ಪ್ಲಾಸ್ಟಿಕ್ ದಾರ ಕೈಗಿಟ್ಟು "ಪ್ಯೂರ್ ಉಲ್ಲನ್" ಅಂತ ಬಿಲ್ ಹರಿಯೋದು ಅದಕ್ಕಿಂತ ದೊಡ್ಡ ಸಿಟ್ಟು.

ಚಿಕ್ಕಪೇಟೆಯ ಗಲ್ಲಿಯೊಳಗಿನ ಅಂಗಡಿ. ಹೆಸರು ಹೇಳಲ್ಲ, ಯಾಕಂದ್ರೆ ನಾನು ಹತ್ತಿ ಇಳಿದ ಬೇರೆ ಅಂಗಡಿಗಳಲ್ಲೂ ನಡೆದದ್ದು ಇದೇ. ನೆಲದಿಂದ ಸೂರಿನ ತನಕ ಬಣ್ಣಬಣ್ಣದ ಉಂಡೆಗಳು. "ಇದರಲ್ಲಿ ಉಣ್ಣೆ ಎಷ್ಟು ಪರ್ಸೆಂಟ್ ಇದೆ ಅಣ್ಣಾ?" ಅಂದೆ. "ಎಲ್ಲಾ ಉಲ್ಲನ್ನೇ ಮೇಡಮ್, ಲೂಧಿಯಾನಾ ಮಾಲು" ಅಂದ್ರು. ಉಂಡೆಗೆ ಸುತ್ತಿದ ಪಟ್ಟಿಯ ಮೇಲೆ ಶೇಡ್ ನಂಬರ್ ಇದೆ, ಕುರಿಯ ಚಿತ್ರ ಇದೆ, ನಾರು ಯಾವುದು ಅಂತ ಒಂದಕ್ಷರ ಇಲ್ಲ. ಒಂದು ಗೇಣು ಕೊಡಿ, ಸುಟ್ಟು ನೋಡ್ತೀನಿ ಅಂದಿದ್ದಕ್ಕೆ, "ವ್ಯಾಪಾರದ ಹೊತ್ತು, ತಗೊಳ್ಳೋದಾದ್ರೆ ತಗೊಳ್ಳಿ, ಇಲ್ಲಾಂದ್ರೆ ದಾರಿ ಬಿಡಿ" ಅಂತ ಉತ್ತರ.

ಮನೆಗೆ ತಂದು ಸುಟ್ಟೆ. ಉಣ್ಣೆಗೆ ಬೆಂಕಿ ಹಿಡಿದ್ರೆ ಕೂದಲು ಸುಟ್ಟ ವಾಸನೆ ಬರುತ್ತೆ, ಕಡ್ಡಿ ದೂರ ಮಾಡಿದ ಕೂಡಲೇ ಆರುತ್ತೆ, ಉಳಿದ ಬೂದಿ ಬೆರಳಲ್ಲಿ ತಿಕ್ಕಿದ್ರೆ ಪುಡಿಯಾಗುತ್ತೆ. ಇದು ಆರಲೇ ಇಲ್ಲ. ಕರಗುತ್ತಾ ಉರೀತು, ತುದಿಯಲ್ಲಿ ಕಪ್ಪು ಮಣಿ ಕಟ್ಟಿತು, ಉಗುರಲ್ಲಿ ಒತ್ತಿದ್ರೂ ಒಡೆಯಲಿಲ್ಲ. ಅಪ್ಪಟ ಅಕ್ರಿಲಿಕ್.

ಅಕ್ರಿಲಿಕ್ ಮೇಲೆ ನನಗೆ ದ್ವೇಷ ಇಲ್ಲ. ಮಗುವಿನ ಟೋಪಿಗೆ, ಸೋಫಾದ ಹೊದಿಕೆಗೆ ಅದು ಸಾಕು, ಒಗೆಯೋದು ಸುಲಭ, ಬೆಲೆ ಕಮ್ಮಿ. ಅಕ್ರಿಲಿಕ್ ಅಂತ ಹೇಳಿ ಮಾರಿ, ಬೇಕಾದವರು ತಗೊಳ್ತಾರೆ. ಆದರೆ ಕಾಲುಚೀಲದ ವಿಷಯ ಬೇರೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸಲ್ಲ. ಅಕ್ರಿಲಿಕ್ ನಾರು ಬೆವರನ್ನ ಹೀರೋದೇ ಇಲ್ಲ ಅನ್ನುವಷ್ಟು ಕಮ್ಮಿ. ಉಣ್ಣೆ ಎಳೆದ್ರೆ ಹಿಗ್ಗುತ್ತೆ, ಬಿಟ್ರೆ ಮತ್ತೆ ಕಾಲಿಗೆ ಕಚ್ಚಿಕೊಳ್ಳುತ್ತೆ. ಅಕ್ರಿಲಿಕ್ ಒಂದು ಸಲ ಜೋತುಬಿದ್ರೆ ಮುಗೀತು, ಹಿಮ್ಮಡಿಯ ಹತ್ತಿರ ಮುದ್ದೆಯಾಗಿ ಚಪ್ಪಲಿಯೊಳಗೆ ಸೇರುತ್ತೆ. ನಮ್ಮಪ್ಪನಿಗೆ ವಯಸ್ಸಾಗಿದೆ, ಬೇಸಿಗೆಯಲ್ಲೂ ಪಾದ ತಣ್ಣಗಿರುತ್ತೆ, ಕಾಲಡಿಯ ಚರ್ಮ ಒಡೆಯುತ್ತೆ. ಅವರ ಕಾಲಿಗೆ ಅಂತ ಕೇಳಿದವಳಿಗೆ ಪ್ಲಾಸ್ಟಿಕ್ ಕೊಟ್ಟು ಉಣ್ಣೆ ಅನ್ನೋಕೆ ಬಾಯಿ ಹೇಗೆ ಬರುತ್ತೆ?

ಎರಡೂಕಾಲು ಮಿಲಿಮೀಟರ್ ಕಡ್ಡಿ, ಒಂದೊಂದು ಸುತ್ತಿನಲ್ಲಿ 64 ಸ್ಟಿಚ್, ಒಂದು ಚೀಲಕ್ಕೆ ಕಾಲು ಮತ್ತು ಪಾದ ಸೇರಿ ಸುಮಾರು 140 ಸುತ್ತು, ಅದರ ಮೇಲೆ ಹಿಮ್ಮಡಿಯ ಪಟ್ಟಿ, ತಿರುವು, ಎರಡೂ ಪಕ್ಕದಿಂದ ಎತ್ತಿಕೊಳ್ಳೋ ಸ್ಟಿಚ್‌ಗಳು. ಒಂದು ಜೊತೆ ಮುಗಿಯೋ ಹೊತ್ತಿಗೆ ಹತ್ತಿರ ಹತ್ತಿರ 20 ಸಾವಿರ ಸ್ಟಿಚ್ ಕೈಯಿಂದ ಹಾದು ಹೋಗಿರುತ್ತೆ. ಅಷ್ಟು ಕೆಲಸ ಸುಳ್ಳು ದಾರದ ಮೇಲೆ ಬಿದ್ದು ಹಾಳಾಯ್ತು ಅಂದ್ರೆ ಆ ನಷ್ಟ ಬಿಲ್ಲಿನ ಮೊತ್ತಕ್ಕೆ ನಿಲ್ಲಲ್ಲ. ಇದನ್ನ ಹೇಳಿಕೊಂಡ್ರೆ ಮನೆಗೆ ಬಂದ ನೆಂಟರದ್ದು ಒಂದೇ ಮಾತು: "ಫುಟ್‌ಪಾತ್‌ನಲ್ಲಿ ನೂರು ರೂಪಾಯಿಗೆ ಮೂರು ಜೊತೆ ಸಿಗುತ್ತಲ್ಲಮ್ಮ, ಇಷ್ಟು ಕಷ್ಟ ಯಾಕೆ?" ಹಾಗೆ ಕೇಳಿದ ಚಿಕ್ಕಮ್ಮನೇ ಹೊರಡುವಾಗ ಮೆಲ್ಲಗೆ ಪಕ್ಕಕ್ಕೆ ಕರೆದು, ಬೋಸ್ಟನ್‌ನಲ್ಲಿರೋ ಮಗನಿಗೆ ಎರಡು ಜೊತೆ ಹೆಣೆದುಕೊಡು, ದಾರದ ದುಡ್ಡು ಕೊಡ್ತೀನಿ ಅಂತಾರೆ. ಯಾವ ದಾರ ಚಿಕ್ಕಮ್ಮ? ಎಲ್ಲಿಂದ ತರಲಿ?

ಇನ್ನು ಕೈಯಲ್ಲಿ ಬಣ್ಣ ಹಾಕಿದ ದಾರ. ಇದರ ಮೇಲೆ ನನಗಿರೋ ಆಸೆಯನ್ನ ಮುಚ್ಚಿಡಲ್ಲ. ಗಿರಣಿಯ ಬಣ್ಣ ಉಂಡೆಯ ಈ ತುದಿಯಿಂದ ಆ ತುದಿಗೆ ಒಂದೇ ಸಮ ಇರುತ್ತೆ. ಕೈಬಣ್ಣದ ಲಡಿಯಲ್ಲಿ ಒಂದು ಗೇಣು ಮೋಡದ ಬೂದು, ಮುಂದಿನ ಗೇಣು ಮಳೆ ನಿಂತ ಮೇಲಿನ ಹಸಿರು, ನಡುವೆ ಎಲ್ಲೋ ಕುಂಕುಮದ ಚುಕ್ಕೆ. ಉಣ್ಣೆಯ ಎಳೆಯ ಮೇಲೆ ಸಣ್ಣ ಪೊರೆಗಳಿರುತ್ತವೆ, ಒಗೆದಾಗ ಒಂದಕ್ಕೊಂದು ಸಿಕ್ಕಿಕೊಂಡು ಗಂಟಾಗೋದು ಅವುಗಳಿಂದಲೇ. ಕ್ಲೋರಿನ್‌ನಿಂದ ಆ ಪೊರೆಗಳನ್ನ ಸವೆಸಿ, ಮೇಲೆ ತೆಳು ಲೇಪ ಕೊಟ್ಟದ್ದು ಸೂಪರ್‌ವಾಶ್ ಉಣ್ಣೆ. ಅದು ಬಣ್ಣವನ್ನ ಬೇಗ ಹೀರುತ್ತೆ, ಗಾಢವಾಗಿ ಹಿಡಿಯುತ್ತೆ. ಬಣ್ಣ ಹಾಕೋಕೆ ಬೇಕಾಗಿರೋದು ಬಿಸಿ ನೀರು, ಆಸಿಡ್ ಡೈ ಅನ್ನೋ ಹುಳಿ ನೀರಲ್ಲಿ ಹಿಡಿಯೋ ಬಣ್ಣ, ಆ ಹುಳಿಗೆ ಸಿಟ್ರಿಕ್ ಆಸಿಡ್ ಇಲ್ಲವೇ ವಿನಿಗರ್. ಜೊತೆಗಿರೋ ನೈಲಾನ್ ಕೂಡ ಅದೇ ಬಣ್ಣ ಹಿಡಿಯುತ್ತೆ, ಹಾಗಾಗಿ ದಾರದಲ್ಲಿ ಬಿಳಿ ಎಳೆ ಇಣುಕಲ್ಲ. ಅಕ್ರಿಲಿಕ್ ಮಾತ್ರ ಈ ಬಣ್ಣಕ್ಕೆ ಒಲಿಯಲ್ಲ. ಅಂಗಡಿಯಿಂದ ತಂದ ಆ "ಪ್ಯೂರ್ ಉಲ್ಲನ್" ಬಿಳಿ ಉಂಡೆಯನ್ನೂ ಹಂಡೆಗೆ ಹಾಕಿ ನೋಡಿದೆ. ಬಣ್ಣವೆಲ್ಲ ನೀರಲ್ಲೇ ಉಳೀತು.

ಕಾಲುಚೀಲಕ್ಕೆ ಈ ದಾರ ಇಷ್ಟು ಒಪ್ಪೋದಕ್ಕೆ ಕಾರಣ ಇದೆ. ಒಂದೇ ಬಣ್ಣಗಾರ್ತಿ ಅದೇ ಹಂಡೆಯಲ್ಲಿ ಮತ್ತೆ ಹಾಕಿದ್ರೂ ಎರಡನೇ ಲಡಿ ಮೊದಲನೆಯದರ ಹಾಗೆ ಬರಲ್ಲ. ಸ್ವೆಟರ್ ಹೆಣೆಯೋರು ಎರಡು ಲಡಿ ಇಟ್ಟುಕೊಂಡು ಎರಡೆರಡು ಸಾಲಿಗೆ ಬದಲಾಯಿಸುತ್ತಾ ಆ ವ್ಯತ್ಯಾಸವನ್ನ ಮರೆಸಬೇಕು. ಕಾಲುಚೀಲಕ್ಕೆ ಒಂದೇ ಲಡಿ ಸಾಕು, ಇರೋ ಚೆಲುವೆಲ್ಲ ಅದರೊಳಗೇ. 64 ಸ್ಟಿಚ್ ಇದ್ದದ್ದನ್ನ 60ಕ್ಕೆ ಇಳಿಸಿದ್ರೆ ಬಣ್ಣಗಳು ಬಂದು ಕೂರೋ ಜಾಗವೇ ಬದಲಾಗುತ್ತೆ. ಸುಳಿಯಾಗಿ ಬರ್ತಾ ಇದ್ದದ್ದು ಪಟ್ಟೆಯಾಗುತ್ತೆ, ಪಟ್ಟೆ ಇದ್ದದ್ದು ಮಚ್ಚೆಯಾಗುತ್ತೆ. ಇನ್ನೊಂದೇ ಸುತ್ತು ಅಂತ ಕೂತವಳು ಮಧ್ಯರಾತ್ರಿ ಏಳೋದು ಇದಕ್ಕೇ.

ಉರುಗ್ವೆಯ ಮಲಾಬ್ರಿಗೋ, ಐರ್ಲೆಂಡಿನ ಕಾರ್ಕ್‌ನಲ್ಲಿರೋ ಹೆಡ್ಜ್‌ಹಾಗ್ ಫೈಬರ್ಸ್, ಟೆಕ್ಸಾಸ್‌ನ ಮ್ಯಾಡೆಲೀನ್‌ಟಾಶ್. ನಾನು ಫೋನಿನಲ್ಲಿ ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡೋ ಕೈಬಣ್ಣದ ದಾರದ ಕಂಪನಿಗಳಿವು. ಮನೆಯಲ್ಲೇ ಬಣ್ಣ ಹಾಕಿ ಮಾರೋ ಸಣ್ಣವರು ಅಲ್ಲಿ ಇನ್ನೆಷ್ಟೋ ಜನ. ಅವರು ಮಾರಾಟಕ್ಕೆ ಒಂದು ಗಳಿಗೆ ಗೊತ್ತು ಮಾಡ್ತಾರೆ. ಅಲ್ಲಿಯ ಸಂಜೆ ಅಂದ್ರೆ ನಮಗೆ ನಡುರಾತ್ರಿ ಕಳೆದು ಬೆಳಗಿನ ಜಾವ. ಅಲಾರಂ ಇಟ್ಟು ಎದ್ದು, ಲಡಿಯನ್ನ ಬುಟ್ಟಿಗೆ ಹಾಕಿ, ವಿಳಾಸ ತುಂಬಿ, ಬ್ಯಾಂಕಿನ ಓಟಿಪಿ ಬರೋ ಅಷ್ಟರಲ್ಲಿ ಖಾಲಿ. ಬುಟ್ಟಿಯಲ್ಲಿದ್ದ ಲಡಿಯನ್ನೂ ಇನ್ಯಾರೋ ಕೊಂಡುಬಿಟ್ಟಿರ್ತಾರೆ. ನಮ್ಮ ದೇಶದಲ್ಲೂ ಕೈಯಲ್ಲಿ ಬಣ್ಣ ಹಾಕೋರು ಇದ್ದಾರೆ, ಸಿಕ್ಕಾಗ ಅವರಿಂದ ತಗೊಂಡಿದ್ದೀನಿ, ಕೆಲಸ ಚೆನ್ನಾಗಿದೆ. ನೈಲಾನ್ ಬೆರೆತ ಕಾಲುಚೀಲದ ದಾರ ಅವರ ಹತ್ತಿರವೂ ಬಂದ ದಿನವೇ ಮುಗಿದುಹೋಗುತ್ತೆ.

ಅದೃಷ್ಟ ಇದ್ದು ಹೊರಗಿನಿಂದ ಸಿಕ್ತು ಅಂತಿಟ್ಟುಕೊಳ್ಳಿ. ದಾರದ ಬೆಲೆಯ ಹತ್ತಿರ ಹತ್ತಿರ ಅಂಚೆ ಖರ್ಚು. ಆಮೇಲೆ ಕಸ್ಟಮ್ಸ್. ಕೊರಿಯರ್‌ನವರು ಫೋನ್ ಮಾಡಿ ಆಧಾರ್ ಕಳಿಸಿ, ಇನ್ವಾಯ್ಸ್ ಕಳಿಸಿ, ಒಳಗೇನಿದೆ ಬರೆದುಕೊಡಿ ಅಂತಾರೆ. ಬರೆದುಕೊಟ್ಟ ಮೇಲೂ ಪೊಟ್ಟಣ ಅಲ್ಲೇ ಕೂತಿರುತ್ತೆ. ಸುಂಕ ಯಾವ ಲೆಕ್ಕದಲ್ಲಿ ಬಿತ್ತು ಅಂತ ಕೇಳಿದ್ರೆ ಒಬ್ಬರು ಇನ್ನೊಬ್ಬರ ನಂಬರ್ ಕೊಡ್ತಾರೆ, ಆ ನಂಬರ್ ಯಾರೂ ಎತ್ತಲ್ಲ. ಎರಡು ಲಡಿ ದಾರ ಸ್ವಾಮಿ, ಚಿನ್ನದ ಗಟ್ಟಿ ಅಲ್ಲ.

ಹೊಟ್ಟೆ ಉರಿಯೋದು ಇಲ್ಲಿಯೇ. ಆಸ್ಟ್ರೇಲಿಯಾ ಜೊತೆಗಿನ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಗೆ ಬಂತು, ಅಲ್ಲಿಯ ಉಣ್ಣೆ ಮೇಲಿನ ಸುಂಕ ಹೋಯ್ತು. ಗಿರಣಿಗಳಿಗೆ ಒಳ್ಳೇ ಮೆರಿನೋ ಸುಂಕವಿಲ್ಲದೆ ಬರುತ್ತೆ. ಅದೆಲ್ಲ ಸೂಟಿನ ಬಟ್ಟೆಗೆ, ಶಾಲಿಗೆ, ಸಿದ್ಧ ಸ್ವೆಟರ್‌ಗೆ ಹೋಗುತ್ತೆ. ಜಗತ್ತಿನ ಎಷ್ಟೋ ಹೆಣಿಗೆಗಾರರು ಮೆಚ್ಚಿಕೊಂಡಿರೋ ನಿಟ್‌ಪ್ರೋ ಕಡ್ಡಿಗಳು ತಯಾರಾಗೋದು ಭಾರತದಲ್ಲಿ. ಕಡ್ಡಿ ನಮ್ಮದು, ಗಿರಣಿ ನಮ್ಮಲ್ಲಿದೆ, ಉಣ್ಣೆ ಹಡಗಿನಲ್ಲಿ ಬಂದು ಇಳೀತಿದೆ. ನನ್ನ ನೂರು ಗ್ರಾಂ ಮಾತ್ರ ಕಾರ್ಕ್‌ನಿಂದ ಬರಬೇಕು.

"ನಮ್ಮ ಚಳ್ಳಕೆರೆ ಉಣ್ಣೆ ಇಲ್ವಾ?" ಅಂತ ಕೇಳೋರಿಗೂ ಹೇಳಿಬಿಡ್ತೀನಿ. ಡೆಕ್ಕನಿ ಕುರಿಯ ಉಣ್ಣೆ ಒರಟು, ಅದು ಕಂಬಳಿಯ ಉಣ್ಣೆ. ಹುಣಸೆ ಬೀಜದ ಗಂಜಿ ಹಚ್ಚಿ, ಗುಂಡಿ ಮಗ್ಗದಲ್ಲಿ ನೇಯ್ದ ಕರಿ ಕಂಬಳಿ ನಮ್ಮ ಮನೆಯಲ್ಲಿದೆ, ಚಳಿಗೂ ಮಳೆಗೂ ಅದನ್ನ ಮೀರಿಸಿದ್ದಿಲ್ಲ. ಬರಿಗಾಲಿಗೆ ಹಾಕಿಕೊಳ್ಳೋ ಚೀಲಕ್ಕೆ ಅದು ಚುಚ್ಚುತ್ತೆ. ಆದರೆ ಅದನ್ನ ಮಾರಿದ ಅಜ್ಜ ಉಣ್ಣೆ ಅಂದ, ಉಣ್ಣೆಯನ್ನೇ ಕೊಟ್ಟ. ಪೇಟೆಯ ಎ.ಸಿ. ಅಂಗಡಿಯವರಿಂದ ನಾನು ಕೇಳ್ತಿರೋದೂ ಅಷ್ಟೇ.

ನಾರು ಯಾವುದು, ಎಷ್ಟು ಪರ್ಸೆಂಟ್ ಅನ್ನೋದನ್ನ ಪಟ್ಟಿಯ ಮೇಲೆ ಅಚ್ಚು ಹಾಕಿ. ಹಾಕೋಕಾಗಲ್ಲ ಅಂದ್ರೆ ಬಿಲ್ಲಿನ ಮೇಲೆ ಕೈಯಲ್ಲಿ ಬರೆದು ಸಹಿ ಮಾಡಿ, ನಾನಂತೂ ಇನ್ನು ಮುಂದೆ ಅದಿಲ್ಲದೆ ದುಡ್ಡು ಕೊಡಲ್ಲ. ಗಿರಣಿಯವರು ಯಾರಾದರೂ ಇದನ್ನ ಓದ್ತಿದ್ದರೆ, ಬಣ್ಣದ ತಲೆನೋವು ನಿಮಗೆ ಬೇಡ. ಮುಕ್ಕಾಲು ಮೆರಿನೋ, ಕಾಲು ನೈಲಾನ್, ಸೂಪರ್‌ವಾಶ್, ನೂರು ಗ್ರಾಂನ ಬಿಳಿ ಲಡಿ ಮಾಡಿಕೊಡಿ. ರೇಷ್ಮೆಗೆ ಹಾಕೋದೂ ಇದೇ ಆಸಿಡ್ ಡೈ, ರೇಷ್ಮೆಗೆ ಬಣ್ಣ ಹಾಕೋರು ಈ ಊರಲ್ಲಿ ತಲೆಮಾರುಗಳಿಂದ ಇದ್ದಾರೆ, ಬಣ್ಣ ನಾವು ನೋಡಿಕೊಳ್ತೀವಿ. ಹೆಣೆಯೋ ನನ್ನ ಗೆಳತಿಯರೆಲ್ಲ ಮುಂಗಡ ಕೊಡೋಕೆ ತಯಾರಿದ್ದಾರೆ, ನಾನೂ ಕೊಡ್ತೀನಿ.